ತಲೆ ಬ್ರಿಟಿಷ್, ಥ್ರೆಡ್ ಫ್ರೆಂಚ್: ಒಂದು ಬೋಲ್ಟ್‌ನ ಕಥೆ

ಎಂಜಿನ್ ಬೋಲ್ಟ್ ಬಿಚ್ಚೋಕೆ ಬರ್ಲಿಲ್ಲ ಅಂದ್ರೆ ನಾವು ಬೈಯೋದು ತುಕ್ಕನ್ನ, ಇಲ್ಲಾ ಹಿಂದಿನ ಮೆಕ್ಯಾನಿಕ್‌ನ. ಇವತ್ತು ನಾನು ಹೇಳೋ ಕಥೆಯಲ್ಲಿ ಮೂಲ ಕಾರಣ ಒಂದು ಯುದ್ಧ.

1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ಸ್ಕ್ರೂ ಥ್ರೆಡ್‌ಗೆ ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂದರು. ಅದು ಇಂಚಿನ ಲೆಕ್ಕ. ಫ್ರಾನ್ಸ್ ಹಿಡಿದದ್ದು ಮಿಲಿಮೀಟರ್.

ಮೊದಲ ಮಹಾಯುದ್ಧ ಬಂತು. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಮೆಷಿನ್‌ಗನ್ ತಯಾರಿಸೋಕೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅಲ್ಲೇ ಮಾರಿಸ್ ಕಾರುಗಳಿಗೆ ಎಂಜಿನ್ ತಯಾರಾಯ್ತು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡರು. ಯಂತ್ರಗಳು ಕೊರೆಯುತ್ತಿದ್ದದ್ದು ಮಿಲಿಮೀಟರ್ ಥ್ರೆಡ್. ಆದ್ರೆ ಬ್ರಿಟಿಷ್ ಗ್ಯಾರೇಜ್‌ಗಳಲ್ಲಿ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಹಾಗಾಗಿ ತಲೆ ಬ್ರಿಟಿಷ್ ಅಳತೆ, ಥ್ರೆಡ್ ಫ್ರೆಂಚ್! ಎಂಜಿ ಟಿಎಫ್ ಕಾರಿನವರೆಗೆ, ಅಂದ್ರೆ 1955ರವರೆಗೂ ಈ ಬೆರಕೆ ನಡೀತು.

ತೊಂದರೆ ಏನಂದ್ರೆ, ತಲೆ ನೋಡಿದ್ರೆ ಇದು ಗೊತ್ತಾಗಲ್ಲ. 8 ಮಿ.ಮೀ. ಬೋಲ್ಟ್ ಕಳೆದುಹೋಯ್ತು ಅಂತ 5/16 ಇಂಚಿನದು ಹಾಕ್ತಾರೆ. ಅದರ ದಪ್ಪ 7.94 ಮಿ.ಮೀ. ಸ್ಪ್ಯಾನರೂ ಅದೇ. ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿ. ಅಲ್ಲಿಗೆ ನಿಲ್ಲಿಸದೆ ಜೋರು ಮಾಡಿದ್ರೆ ಬ್ಲಾಕ್‌ನ ಥ್ರೆಡ್ಡೇ ಹೋಯ್ತು. ಬೋಲ್ಟ್ ಹೊಸದು ತರಬಹುದು, ಆ ಕಾಲದ ಬ್ಲಾಕ್ ಎಲ್ಲಿಂದ ತರೋದು?

ಅದಕ್ಕೇ ನನ್ನ ಕಿವಿಮಾತು. ಹಳೇ ಬೋಲ್ಟ್ ಎಸೀಬೇಡಿ, ಹೊಸದರ ಪಕ್ಕ ಹಿಡಿದು ಥ್ರೆಡ್ ಹೋಲಿಸಿ. ಮೊದಲು ಬೆರಳಲ್ಲೇ ತಿರುಗಿಸಿ. ಬೆರಳು ನಿಂತ್ರೆ ನೀವೂ ನಿಲ್ಲಿ.