ಕೈಗೆ ಬದಲು ಕಂಠ

ಮಾತು ಮೊದಲು, ಬರಹ ಅನಂತರ ಎಂಬುದು ಭಾಷೆಯ ಚರಿತ್ರೆಯನ್ನು ಓದಿದವರಿಗೆಲ್ಲ ವಿದಿತವಾದ ಸಂಗತಿ. ಆದರೂ ವಿದ್ಯೆಯೆಂದರೆ ಬರಹವೆಂದೇ ನಾವು ಎಣಿಸುತ್ತ ಬಂದಿದ್ದೇವೆ. ಸ್ಲೇಟು, ಬಳಪ, ಲೇಖನಿ, ಬೆರಳಚ್ಚು ಯಂತ್ರ, ಕೊನೆಗೆ ಗಣಕಯಂತ್ರದ ಕೀಲಿಮಣೆ, ಇವೆಲ್ಲವೂ ಬೆರಳುಗಳನ್ನು ನಂಬಿ ಹುಟ್ಟಿದ ಸಾಧನಗಳು. ಬೆರಳು ಆಡದವನು ಏನು ಮಾಡಬೇಕು? ಈ ಪ್ರಶ್ನೆಗೆ ಜಗತ್ತು ಉತ್ತರವನ್ನು ಹುಡುಕಿದ ಬಗೆಯನ್ನೂ, ಆ ಉತ್ತರವು ಕನ್ನಡಕ್ಕೆ ಎಷ್ಟರಮಟ್ಟಿಗೆ ಬಂದು ತಲಪಿದೆಯೆಂಬುದನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಹೊಗೆನಕಲ್ಲಿನ ಸುತ್ತಣ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರ್ಪಟ್ಟ ಧರ್ಮಪುರಿ ಜಿಲ್ಲೆಯಲ್ಲಿಯೂ, 2004ರಲ್ಲಿ ಅದರಿಂದ ಒಡೆದು ಬಂದ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಹೆಚ್ಚಿದರೆ ಮೊದಲು ಮಕ್ಕಳ ಹಲ್ಲುಗಳು ಕಲೆಗಟ್ಟುತ್ತವೆ. ಅಂಥ ನೀರನ್ನೇ ವರ್ಷಾನುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಮೂಳೆಗಳು ಗಡುಸಾಗಿ, ಕೀಲುಗಳು ಬಿಗಿದು, ತೀವ್ರವಾದಾಗ ಬೆನ್ನುಹುರಿಯೇ ಒತ್ತಲ್ಪಟ್ಟು ಕೈಕಾಲುಗಳ ಚಲನೆ ಕುಂದುತ್ತದೆ. ಇದನ್ನು ತಡೆಯಲೆಂದೇ ಜಪಾನಿನ ಸಾಲದ ನೆರವಿನಿಂದ ಹೊಗೆನಕಲ್ಲಿನ ಕಾವೇರಿ ನೀರನ್ನು ಈ ಎರಡು ಜಿಲ್ಲೆಗಳಿಗೆ ಒಯ್ಯುವ ಯೋಜನೆ ಕೈಗೂಡಿ 2013ರಲ್ಲಿ ಉದ್ಘಾಟನೆಗೊಂಡಿತು. ನದಿಯ ನೀರು ಮುಂದಿನ ಪೀಳಿಗೆಯನ್ನು ಕಾಪಾಡಬಲ್ಲುದು. ಈಗಾಗಲೇ ಬಿಗಿದ ಕೀಲನ್ನು ಸಡಿಲಿಸಲಾರದು. ಇದರ ಜೊತೆಗೆ ಪೋಲಿಯೋ ಪೀಡಿತರು, ಮರದಿಂದ ಬಿದ್ದು ಬೆನ್ನುಹುರಿ ಮುರಿದವರು, ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯುವಿಗೆ ಗುರಿಯಾದ ಮಕ್ಕಳು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ.

ಇಂಥವರಲ್ಲಿಯೇ ಕೆಲವರು ದಾರಿ ತೋರಿದವರಾದರು. ಪೋಲಿಯೋದಿಂದ ಬಾಧಿತರಾದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಸ್ಥಾಪಿಸಿದರು. ತಮಿಳುನಾಡಿನ ಎಸ್. ರಾಮಕೃಷ್ಣನ್ ಅವರು 1975ರಲ್ಲಿ ನೌಕಾಪಡೆಯ ಆಯ್ಕೆಗಾಗಿ ಬೆಂಗಳೂರಿಗೆ ಬಂದು, ಪರೀಕ್ಷೆಯ ಸಮಯದಲ್ಲಿ ಬಿದ್ದು, ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿದವರು. ಆರು ವರ್ಷಗಳ ತರುವಾಯ, 1981ರಲ್ಲಿ, ಅವರು ಆಯ್ಕುಡಿಯಲ್ಲಿ ಅಮರ ಸೇವಾ ಸಂಘವನ್ನು ಕಟ್ಟಿದರು. ದೇಹ ನಿಂತ ಮಾತ್ರಕ್ಕೆ ಮನುಷ್ಯನ ಕೆಲಸ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕಿಲ್ಲ.

ಆದರೆ ಬರೆಯುವುದು ಹೇಗೆ? ಹಿಂದಿನಿಂದ ಬಂದ ಉಪಾಯವೆಂದರೆ ಲಿಪಿಕಾರ. ವ್ಯಾಸರು ಹೇಳುತ್ತ ಹೋದಂತೆ ಗಣಪತಿ ಬರೆದನೆಂಬ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಕೇಳಿಬಲ್ಲರು. ಪರೀಕ್ಷೆಯಲ್ಲಿ ಅಂಗವಿಕಲ ವಿದ್ಯಾರ್ಥಿಯು ಹೇಳಿದ್ದನ್ನು ಇನ್ನೊಬ್ಬರು ಬರೆಯುವ ಪದ್ಧತಿ ಇದರ ಇಂದಿನ ರೂಪ. ಕೈ ಬರೆಯಲು ಬಾರದ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ಇಂಥ ಸಹಾಯವು ನ್ಯಾಯವಾಗಿ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಲಿಪಿಕಾರನಿಂದ ಪರೀಕ್ಷೆ ನಡೆದೀತು. ಆದರೆ ತಾಯಿಗೊಂದು ಗುಟ್ಟಿನ ಕಾಗದವನ್ನು ಬರೆಯಬೇಕೆಂದರೆ? ನಡುರಾತ್ರಿಯಲ್ಲಿ ಹೊಳೆದ ಒಂದು ಪದ್ಯವನ್ನು ಗುರುತು ಮಾಡಿಕೊಳ್ಳಬೇಕೆಂದರೆ? ಆಗ ಪರರ ಕೈ ಸಾಲದು. ತನ್ನದೇ ಆದ ಒಂದು ಸಾಧನ ಬೇಕು.

1960ರ ಸುಮಾರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹೋಗಿಬರುತ್ತಿದ್ದ ರೆಗ್ ಮೇಲಿಂಗ್ ಎಂಬಾತನು, ಮಲಗಿದ್ದಲ್ಲಿಂದ ಏಳಲಾರದ ರೋಗಿಗಳಿಗಾಗಿ, ಕೊಳವೆಯಲ್ಲಿ ಉಸಿರನ್ನು ಊದಿ, ಎಳೆದು ನಡೆಸುವ ಯಂತ್ರವನ್ನು ರಚಿಸಿದನು. ಅದಕ್ಕೆ ಬಂದ ಪೋಸಮ್ ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ 'ನಾನು ಬಲ್ಲೆ, ನನ್ನಿಂದಾಗುತ್ತದೆ' ಎಂಬ ಅರ್ಥವೂ ಇದೆ. ಮುಂದೆ ಅದರಿಂದ ಬೆರಳಚ್ಚು ಯಂತ್ರವನ್ನೂ ನಡೆಸಿದರು. ಉಸಿರಿನಿಂದ ಆದದ್ದು ನುಡಿಯಿಂದ ಆಗಬಾರದೇಕೆ?

ಆ ಕಡೆಯ ಪ್ರಯತ್ನ ಅಮೆರಿಕದಲ್ಲಿ ಅದಕ್ಕೂ ಮೊದಲೇ ಆರಂಭವಾಗಿದ್ದಿತು. 1952ರಲ್ಲಿ ಬೆಲ್ ಪ್ರಯೋಗಾಲಯದ 'ಆಡ್ರಿ' ಯಂತ್ರವು, ಬಿಡಿಬಿಡಿಯಾಗಿ ನುಡಿದ ಅಂಕೆಗಳನ್ನು ಗುರುತಿಸಿತು. 1962ರಲ್ಲಿ ಐಬಿಎಂ ಸಂಸ್ಥೆಯು ಪ್ರದರ್ಶಿಸಿದ ಯಂತ್ರಕ್ಕೆ ಗೊತ್ತಿದ್ದುದು 16 ಪದಗಳು ಮಾತ್ರ. ನಮ್ಮ ನೆರೆಯ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ ಹುಟ್ಟಿದ ರಾಜ್ ರೆಡ್ಡಿಯವರು ಈ ಶಾಸ್ತ್ರದ ಮೂಲಪುರುಷರಲ್ಲೊಬ್ಬರು. ಅವರು ಕೆಲಸ ಮಾಡಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1976ರ ವೇಳೆಗೆ ಸಾವಿರಕ್ಕೂ ಮೀರಿದ ಪದಗಳನ್ನು ಬಲ್ಲ ವ್ಯವಸ್ಥೆಯೊಂದು ಸಿದ್ಧವಾಯಿತು. 1990ರಲ್ಲಿ ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿಗಳ ಸಂಸ್ಥೆಯಿಂದ 'ಡ್ರ್ಯಾಗನ್ ಡಿಕ್ಟೇಟ್' ಹೊರಬಂದಿತು. ಬೆಲೆ 9000 ಡಾಲರು. ಪ್ರತಿಪದಕ್ಕೂ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಗಿದ್ದಿತು. ಕೈ ಆಡದವರಿಗೆ ಅದೂ ಒಂದು ವರವೇ. 1997ರಲ್ಲಿ ಅದೇ ಸಂಸ್ಥೆಯು ಎಡೆಬಿಡದೆ ಆಡಿದ ಮಾತನ್ನು ಬರೆದುಕೊಳ್ಳುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು.

ಯಂತ್ರವು ಮಾತನ್ನು ತಿಳಿಯುವ ಕ್ರಮ ಸ್ಥೂಲವಾಗಿ ಹೀಗಿದೆ. ಕೇಳಿದ ಧ್ವನಿಯನ್ನು ಅದು ಕ್ಷಣದ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ; ಪ್ರತಿ ತುಣುಕೂ ಯಾವ ಅಕ್ಷರದ ಧ್ವನಿಯನ್ನು ಹೋಲುತ್ತದೆಂದು ಅಳೆಯುತ್ತದೆ; ಆಮೇಲೆ ಯಾವ ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆ ಸಹಸ್ರಾರು ಗಂಟೆಗಳ ಮಾತು ಮಾದರಿಯಾಗಿ ಬೇಕು. ಕನ್ನಡದ ಕಷ್ಟವನ್ನು ವ್ಯಾಕರಣ ಕಲಿಸುವ ನಾವು ಸುಲಭವಾಗಿ ಅರಿಯಬಲ್ಲೆವು. ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿಯೂ, ಮನೆಯವರಿಗಾಗಿ ಎಂದು ಒಂದೇ ಪ್ರಕೃತಿಯು ಪ್ರತ್ಯಯಗಳಿಂದ ನೂರು ರೂಪ ತಾಳುತ್ತದೆ. ಸಂಧಿ ಸೇರಿದರೆ ಪದದ ಎಲ್ಲೆಯೇ ಮಸುಕಾಗುತ್ತದೆ. 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ಕನ್ನಡವನ್ನೂ ಧ್ವನಿಬರಹದ ಭಾಷೆಗಳಿಗೆ ಸೇರಿಸಿತು. ಅಂದಿನಿಂದ ಕೈಫೋನಿಗೆ ಕನ್ನಡದಲ್ಲಿ ಹೇಳಿ ಕನ್ನಡದಲ್ಲಿ ಬರೆಸುವುದು ಸಾಧ್ಯವಾಗಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹೇಳಿದ್ದನ್ನು ಬರೆಯುವುದು ಬೇರೆ, ಹೇಳಿದಂತೆ ನಡೆಯುವುದು ಬೇರೆ. ಧ್ವನಿಬರಹವನ್ನು ತೊಡಗಿಸಲು ಗುಂಡಿಯನ್ನು ಬೆರಳಿನಿಂದಲೇ ಒತ್ತಬೇಕೆಂದರೆ ಬೆರಳಿಲ್ಲದವನಿಗೆ ಅದರಿಂದ ಫಲವೇನು? ಯಂತ್ರವನ್ನು ಎಬ್ಬಿಸುವುದು, ಕಡತವನ್ನು ತೆರೆಯುವುದು, ತಪ್ಪನ್ನು ಅಳಿಸುವುದು, ಮತ್ತೆ ಮಲಗಿಸುವುದು, ಇವೆಲ್ಲವೂ ಮಾತಿನಿಂದಲೇ ಆಗಬೇಕು. ಗೂಗಲ್ 2018ರಲ್ಲಿ, ಆಪಲ್ 2019ರಲ್ಲಿ, ಮೈಕ್ರೋಸಾಫ್ಟ್ 2022ರಲ್ಲಿ ಇಂಥ ಪೂರ್ಣ ನಿಯಂತ್ರಣದ ಸೌಕರ್ಯಗಳನ್ನು ಹೊರತಂದವು. ಮೂರೂ ಮೊದಲು ನುಡಿದ ಭಾಷೆ ಇಂಗ್ಲಿಷು.

ಎರಡನೆಯದು ನಂಬಿಕೆಯ ಪ್ರಶ್ನೆ. ಕೈಯುಳ್ಳವನಿಗೆ ಹತ್ತು ಪದಗಳಲ್ಲಿ ಒಂದು ತಪ್ಪಾದರೆ ಬೇಸರ, ತಿದ್ದಿಕೊಳ್ಳುತ್ತಾನೆ. ಕೈಯಿಲ್ಲದವನಿಗೆ ತಿದ್ದುವುದೂ ಮಾತಿನಿಂದಲೇ ಆದ್ದರಿಂದ, ತಪ್ಪಿನ ಮೇಲೆ ತಪ್ಪು ಕೂಡಿ ಕೆಲಸವೇ ನಿಂತುಹೋದೀತು. ಹೊಗೆನಕಲ್ಲಿನ ಜಲಪಾತದ ಬಳಿ ಪಕ್ಕದವರ ಮಾತೂ ನೀರಿನ ಭೋರ್ಗರೆತದಲ್ಲಿ ಕರಗಿಹೋಗುತ್ತದೆ. ಮನೆಯ ಗದ್ದಲವೂ ಯಂತ್ರಕ್ಕೆ ಹಾಗೆಯೇ. ಬಾಯಿಯ ಸಮೀಪದಲ್ಲಿ ಧ್ವನಿಗ್ರಾಹಕವಿದ್ದರೆ ಈ ತೊಡಕು ಕಡಮೆಯಾಗುತ್ತದೆ. ಅಂತರಜಾಲ ಕಡಿದಾಗಲೂ ಯಂತ್ರವು ಕೇಳುವಂತಿರಬೇಕು. ಗಡಿನಾಡಿನ ನುಡಿಯನ್ನೂ ಅದು ಅರಿಯಬೇಕು. ಒಂದೇ ದುಂಡುದೋಣಿಯನ್ನು ಕನ್ನಡದವರು ಹರಿಗೋಲೆಂದೂ ತಮಿಳರು ಪರಿಸಲೆಂದೂ ಕರೆಯುವ ನಾಡಿನಲ್ಲಿ ಒಬ್ಬನ ಬಾಯಲ್ಲೇ ಎರಡೂ ಪದಗಳು ಬರುವುದುಂಟು.

ಎಲ್ಲಕ್ಕಿಂತ ಕಠಿನವಾದುದು ಮಾತೇ ತೊದಲುವವರ ಸ್ಥಿತಿ. ಮಿದುಳಿನ ಪಾರ್ಶ್ವವಾಯುವಿನಿಂದ ಕೈ ಬಾರದ ಅನೇಕ ಮಕ್ಕಳಿಗೆ ಉಚ್ಚಾರವೂ ಸ್ಫುಟವಾಗಿರುವುದಿಲ್ಲ. ಅಂಥ ಮಾತನ್ನು ಯಂತ್ರಕ್ಕೆ ಕಲಿಸುವ ಯೂಫೋನಿಯಾ ಎಂಬ ಯೋಜನೆಯನ್ನು ಗೂಗಲ್ ಸಂಸ್ಥೆಯು 2019ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ನಿಮ್ಹಾನ್ಸ್ ವೈದ್ಯರೂ ಕೂಡಿ, ನರರೋಗದಿಂದ ಕೆಡುವ ಮಾತನ್ನು ಕುರಿತು ಸಂಶೋಧನೆ ನಡೆಸಿದ್ದಾರೆ. ಧ್ವನಿಯೂ ಶಾಶ್ವತವಲ್ಲ, ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಮಾತನ್ನೇ ಕಳೆದುಕೊಂಡು, ಮೊದಲು ಬೆರಳಿನ ಗುಂಡಿಯಿಂದಲೂ ಆಮೇಲೆ ಕೆನ್ನೆಯ ಸ್ನಾಯುವಿನ ಚಲನೆಯಿಂದಲೂ ಗಣಕಯಂತ್ರವನ್ನು ನಡೆಸಿದರು. ಆದುದರಿಂದ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುವಂತೆ ಕಟ್ಟಿದ ಸಾಧನವೇ ನಂಬಲರ್ಹ.

ಈ ಕಾರ್ಯದಲ್ಲಿ ಉಪಾಧ್ಯಾಯರ ಪಾಲೇನು? ಭಾರತೀಯ ವಿಜ್ಞಾನ ಸಂಸ್ಥೆಯು 'ವಾಣಿ' ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಿದೆ. ಗಡಿನಾಡಿನ ಕನ್ನಡದ ಧ್ವನಿಯೂ ಇಂಥ ಭಂಡಾರಗಳನ್ನು ಸೇರಿದರೆ ಯಂತ್ರದ ಕಿವಿ ನಮ್ಮತ್ತ ತಿರುಗೀತು. ತರಗತಿಯಲ್ಲಿ ಬರೆಯಲಾರದ ಬಾಲಕನಿದ್ದರೆ ಅವನನ್ನು ಸುಮ್ಮನೆ ಕೂರಿಸದೆ, ಅವನು ಬಾಯಿಂದ ಹೇಳಿದ ಉತ್ತರವನ್ನೇ ಉತ್ತರವೆಂದು ಸ್ವೀಕರಿಸುವ ಅಭ್ಯಾಸ ಇಂದಿನಿಂದಲೇ ನಮ್ಮಲ್ಲಿ ಬೆಳೆಯಬೇಕು. ಯಂತ್ರಕ್ಕಾಗಿ ಮಗುವಿನ ನುಡಿಯನ್ನು ತಿದ್ದುವುದಕ್ಕಿಂತ, ಮಗುವಿನ ನುಡಿಗಾಗಿ ಯಂತ್ರವನ್ನು ತಿದ್ದುವುದೇ ನ್ಯಾಯ. ಅಲ್ಲಿಯವರೆಗೆ, ಯಂತ್ರಕ್ಕಿಂತ ಮೊದಲು ಕಿವಿಗೊಡಬೇಕಾದವರು ನಾವೇ.