ಗುರಿಯಿಡದ ಗುಂಡು

1987ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಕೊನೆಯ ಕಾಂಡರ್ ರಣಹದ್ದನ್ನೂ ಹಿಡಿದು ತಂದಾಗ ಜಗತ್ತಿನಲ್ಲಿ ಉಳಿದಿದ್ದವು 27 ಮಾತ್ರ, ಎಲ್ಲವೂ ಪಂಜರದಲ್ಲಿ. ಮರಿ ಮಾಡಿಸಿ 1992ರಿಂದ ಮತ್ತೆ ಕಾಡಿಗೆ ಬಿಟ್ಟರು. ಹಳೆಯ ಶತ್ರು ಅಲ್ಲೇ ಇತ್ತು: ಸೀಸ.

ಸೀಸದ ಗುಂಡು ಜಿಂಕೆಯ ಮೈ ಹೊಕ್ಕೊಡನೆ ಚೂರುಚೂರಾಗಿ ಮಾಂಸದಲ್ಲಿ ಚದುರುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿಂದ ಹದ್ದಿನ ಹೊಟ್ಟೆಯ ಆಮ್ಲದಲ್ಲಿ ಆ ಚೂರು ಕರಗಿ ರಕ್ತ ಸೇರುತ್ತದೆ. ಜೀರ್ಣಾಂಗ ಸ್ತಬ್ಧವಾಗಿ, ಗಂಟಲಚೀಲ ತುಂಬಿದ್ದರೂ ಹಕ್ಕಿ ಹಸಿವಿನಿಂದ ಸಾಯುತ್ತದೆ.

ಬೇಟೆಗಾರ ಹದ್ದಿಗೆ ಗುರಿಯಿಟ್ಟವನಲ್ಲ. ಕೊಲ್ಲುವ ಉದ್ದೇಶವೇ ಇಲ್ಲದ ಕೊಲೆಯನ್ನು ಕಾನೂನು ನಿಧಾನವಾಗಿ ಗುರುತಿಸಿತು. ಬೇಟೆಗೆ ಸೀಸದ ಗುಂಡು ಕಾಂಡರ್ ನೆಲೆಗಳಲ್ಲಿ ನಿಷೇಧವಾದದ್ದು 2008ರಲ್ಲಿ, ಇಡೀ ರಾಜ್ಯದಲ್ಲಿ 2019ರಲ್ಲಿ.

ನಮ್ಮ ದೇಶದ ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಕೂಡ ದನದ ನೋವಿಗೆಂದು ಕೊಟ್ಟ ಮದ್ದೇ ಆಗಿತ್ತು.