ಗಾಯಾಳುಗಳ ಮಾತು ಬಲ್ಲ ದಾದಿ

ಪೋರ್ಟೋರಿಕೋ 1898ರಲ್ಲಿ ಅಮೆರಿಕದ ವಶವಾದ ದ್ವೀಪ. ಜನರ ಮಾತು ಸ್ಪ್ಯಾನಿಷ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ ಅಲ್ಲಿನ ಎಷ್ಟೋ ಹುಡುಗರಿಗೆ ಇಂಗ್ಲಿಷ್ ಬಾರದು. ಸೇನಾ ಆಸ್ಪತ್ರೆಯಲ್ಲಿ ನೋವು ಎಲ್ಲಿದೆ ಎಂದು ಹೇಳುವುದು ಹೇಗೆ?

ಅದಕ್ಕಾಗಿ 1944ರಲ್ಲಿ ಸೇನೆಯ ದಾದಿಯರ ದಳ ಪೋರ್ಟೋರಿಕೋದ ದಾದಿಯರನ್ನು ಸೇರಿಸಿಕೊಂಡಿತು. ಆಯ್ಕೆಯಾದ 13 ಮಂದಿಯಲ್ಲಿ ಸಾನ್ ಹುವಾನಿನ ಕಾರ್ಮೆನ್ ಲೊಸಾನೊ ಡಮ್ಲರ್ ಒಬ್ಬರು. ಆಗಸ್ಟ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದ ಅವರು ಕ್ಯಾಂಪ್ ಟೊರ್ಟುಗೆರೊದಲ್ಲಿ ಶುಶ್ರೂಷೆಯೊಂದಿಗೆ ದುಭಾಷಿಯ ಕೆಲಸವನ್ನೂ ಮಾಡಿದರು. 1945ರಲ್ಲಿ ಟ್ರಿನಿಡಾಡ್‌ನ ಸೇನಾ ಆಸ್ಪತ್ರೆಗೆ ಹೋಗಿ, ನಾರ್ಮಂಡಿಯಲ್ಲಿ ಗಾಯಗೊಂಡು ಬಂದ ಸೈನಿಕರ ಆರೈಕೆ ಮಾಡಿದರು.

ಮನೆಮಾತಿನ ಓದಿನಿಂದ ಏನು ಲಾಭ ಎಂದು ಕೇಳುವವರಿಗೆ ನಾವು ಈ ದಾದಿಯ ಕಥೆ ಹೇಳೋಣ. ಇಂಗ್ಲಿಷ್ ಅವರಿಗೂ ಬರುತ್ತಿತ್ತು. ಆದರೆ ಸೇನೆ ಅವರನ್ನು ಕರೆದದ್ದು ಸ್ಪ್ಯಾನಿಷ್‌ಗಾಗಿ.